ಮಗಳು ಸ್ಕೂಟರ್ ಬಿಟ್ಟ ನಲವತ್ತು ದಿನ

ಫೆಬ್ರವರಿಯ ಒಂದು ಬೆಳಿಗ್ಗೆ ಎಂದಿನಂತೆ ಸ್ಕೂಟರನ್ನು ವಾಲಿಸಿ, ನಾಲ್ಕು ಕಿಕ್ ಹೊಡೆದು, ಅದು ಹೊಗೆ ಬಿಟ್ಟ ಸಂತೋಷದಲ್ಲಿ ಹಿಂದೆ ತಿರುಗಿದರೆ ಸೀಟು ಖಾಲಿ. ಐದನೇ ಕ್ಲಾಸಿನ ನನ್ನ ಮಗಳು ಶ್ರಾವ್ಯ ಬ್ಯಾಗು ಹಾಕಿಕೊಂಡು ಗೇಟಿನಾಚೆ ನಿಂತಿದ್ದಳು.

“ಪಪ್ಪ, ಇನ್ನು ನಾನು ಬಸ್ಸಲ್ಲಿ ಹೋಗ್ತೇನೆ.”

“ಎಂತಕ್ಕೆ?”

“ಸುಮ್ಮನೆ.”

ಹತ್ತು ವರ್ಷದ ಮಕ್ಕಳಿರುವ ಮನೆಯವರಿಗೆ ಗೊತ್ತಿರುತ್ತದೆ, ಈ ‘ಸುಮ್ಮನೆ’ಯ ಒಳಗೆ ಏನು ಬೇಕಾದರೂ ಇರಬಹುದು. ನಾನು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಉಡುಪಿ ಕಡೆಯಿಂದ ಬಸ್ಸು ಬಂತು. ಮಗಳು ಹತ್ತಿದಳು. ಕಂಡಕ್ಟರ್ ಶಿಳ್ಳೆ ಹೊಡೆದ. ಕುಕ್ಕುಂದೂರಿನ ರಸ್ತೆಯಲ್ಲಿ ನಾನೂ ನನ್ನ ಹೊಗೆಯೂ ಉಳಿದೆವು.

ಒಂದನೇ ಕ್ಲಾಸಿನಿಂದ ಅವಳನ್ನು ಕಾರ್ಕಳದ ಕಾನ್ವೆಂಟ್ ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವವನು ನಾನು. ನನ್ನ ದಿನದಲ್ಲಿ ನಾಲ್ಕು ಜನರಿಗೆ ಹೇಳಿಕೊಳ್ಳುವಂಥ ಕೆಲಸ ಅದೊಂದೇ. (ಆಫೀಸಿನಲ್ಲಿ ಮಾಡುವುದನ್ನು ಹೇಳಿಕೊಳ್ಳದಿದ್ದರೇ ಮರ್ಯಾದೆ.) ಈಗ ಅದಕ್ಕೂ ಸಂಚಕಾರ.

ಚಿಂತೆ ಮಾಡುವುದರಲ್ಲಿ ನನಗೆ ಟ್ರೈನಿಂಗ್ ಬೇಕಾಗಿಲ್ಲ. ಸ್ಕೂಟರಿನ ಬಗ್ಗೆ ನಾಚಿಕೆಯೇ? ಅವಳ ಕ್ಲಾಸಿನಲ್ಲಿ ಗಲ್ಫಿನ ಅಪ್ಪಂದಿರು ಕಳಿಸಿದ ದುಡ್ಡಿನ ಕಾರಿನಲ್ಲಿ ಬಂದಿಳಿಯುವ ಮಕ್ಕಳಿದ್ದಾರೆ. ಅಥವಾ ನನ್ನ ಬಗ್ಗೆಯೇ ನಾಚಿಕೆಯೇ? ಹೆಲ್ಮೆಟ್ ತೆಗೆದಾಗ ನನ್ನ ತಲೆ ಹೊಳೆಯುವುದು ನಿಜ. ಆದರೆ ಅದು ಎರಡನೇ ಕ್ಲಾಸಿನಲ್ಲೂ ಹೊಳೆಯುತ್ತಿತ್ತಲ್ಲ?

“ಇಷ್ಟು ಯೋಚನೆ ಮಾಡುವ ಬದಲು ಅವಳ ಹತ್ತಿರವೇ ಕೇಳಿ ಮಾರಾಯ್ರೆ,” ಎಂದಳು ಹೆಂಡತಿ.

ಕೇಳಬಹುದು. ಆದರೆ ಕೇಳಿದರೆ ಉತ್ತರ ಬರುತ್ತದಲ್ಲ, ಅದೇ ಹೆದರಿಕೆ.

ಒಂದು ವಾರ ಹೀಗೆ ಒಳಗೊಳಗೇ ಬೆಂದು, ಕೊನೆಗೆ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಫ್ಲೋರಿನ್ ಬಾಯಿಯವರ ಮುಂದೆ ಬಾಯಿಬಿಟ್ಟೆ. ಅವರ ಮಗಳೂ ಅದೇ ಕ್ಲಾಸು. ಅವರು ಫೈಲು ಮುಚ್ಚಿ ನಕ್ಕುಬಿಟ್ಟರು.

“ಅಯ್ಯೋ ಸರ್, ನಿಮಗೆ ಗೊತ್ತಿಲ್ವಾ? ಈಗ ನಮ್ಮ ತಪಸ್ಸುಕಾಲ ಅಲ್ವಾ? ಈಸ್ಟರಿನ ತನಕ ನಲವತ್ತು ದಿನ ನಾವೆಲ್ಲ ಏನಾದರೂ ಒಂದು ಬಿಡುವುದುಂಟು. ನಮ್ಮ ಮನೆಯವರು ಸಿಗರೇಟು ಬಿಟ್ಟಿದ್ದಾರೆ, ನಾನು ಮೀನು. ಈ ಸಲ ಸಿಸ್ಟರ್ ಐದನೇ ಕ್ಲಾಸಿನ ಎಲ್ಲ ಮಕ್ಕಳ ಹತ್ತಿರವೂ ಹೇಳಿದ್ದಾರಂತೆ, ತುಂಬಾ ಇಷ್ಟ ಇರುವ ಒಂದನ್ನು ಬಿಡಿ, ಯಾರಿಗೂ ಹೇಳಬೇಡಿ ಅಂತ. ಬೇಕಾದವರು ಮಾತ್ರ, ಕಡ್ಡಾಯ ಎಂತದೂ ಇಲ್ಲ.”

“ನಿಮ್ಮ ಮಗಳು ಎಂತ ಬಿಟ್ಟಿದ್ದಾಳೆ?”

“ಹೇಳುವುದಿಲ್ಲ. ಆದರೆ ನಾನು ಸೀರಿಯಲ್ ನೋಡುವಾಗ ಟಿವಿಗೆ ಬೆನ್ನು ಹಾಕಿ ಕೂತುಕೊಳ್ತಾಳೆ. ನಮಗೆ ಅರ್ಥ ಆಗುವುದಿಲ್ವಾ?”

ನನಗೂ ಅರ್ಥವಾಯಿತು. ಸಿಡಿಲು ಹೊಡೆದ ಹಾಗೆ ಅರ್ಥವಾಯಿತು. ತುಂಬಾ ಇಷ್ಟ ಇರುವ ಒಂದು! ಅಂದರೆ ಅಪ್ಪನ ಸ್ಕೂಟರ್! ಅಂದರೆ ಅಪ್ಪ!

ಆ ದಿನ ನಾನು ಮನೆಗೆ ಸ್ಕೂಟರಿನಲ್ಲಿ ಬಂದೆನೋ ಹಾರಿ ಬಂದೆನೋ ನೆನಪಿಲ್ಲ. ಹೆಂಡತಿಯನ್ನು ಅಡುಗೆಮನೆಯಲ್ಲಿ ತಡೆದು ನಿಲ್ಲಿಸಿ ವಿಷಯ ಹೇಳಿದೆ.

“ನಿಮ್ಮನ್ನು ಬಿಡುವುದು ತ್ಯಾಗವಾ?” ಎಂದಳು. “ನಾನಾಗಿದ್ದರೆ ಅದಕ್ಕೆ ರಜೆ ಅಂತಿದ್ದೆ.” (ತುಳುವಿನಲ್ಲಿ ಇದು ಇನ್ನೂ ಖಾರವಾಗಿತ್ತು.)

ಅಸೂಯೆ, ಮತ್ತೇನಲ್ಲ. ನಾನು ಎಲ್ಲರಿಗೂ ಹೇಳಿದೆ. ಬೆಳ್ಮಣ್ಣಿನ ಭಾವನಿಗೆ ಫೋನಿನಲ್ಲಿ, ಕ್ಯಾಂಟೀನಿನಲ್ಲಿ ಚಹಾ ಕುಡಿಯುವವರಿಗೆ, ಕಾಪುವಿನಿಂದ ಆಫೀಸಿಗೆ ಬರುವ ಮ್ಯಾನೇಜರರಿಗೆ. “ಕಾನ್ವೆಂಟಿನವರು ಮಕ್ಕಳಿಗೆ ಅವರ ವ್ರತ ಕಲಿಸ್ತಾರಾ?” ಎಂದು ಹುಬ್ಬೇರಿಸಿದವರೂ ಇದ್ದರು. ಶನಿವಾರ ಒಪ್ಪೊತ್ತು ಮಾಡುವ ನನ್ನ ಅಮ್ಮನಿಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. “ಒಂದನ್ನು ಬಿಟ್ಟಿರಲಿಕ್ಕೆ ಕಲಿತರೆ ಒಳ್ಳೆಯದೇ. ನಿನಗೆ ನಾನು ಎಷ್ಟು ಹೇಳಿದರೂ ಬರಲಿಲ್ಲ,” ಎಂದರು.

ಒಂದು ಸಂಜೆ ಶಾಲೆಯ ಗೇಟಿನಲ್ಲಿ ಸಿಸ್ಟರ್ ಸಿಕ್ಕಿದರು. ಸುಮ್ಮನೆ ಹೋಗಬಹುದಿತ್ತು. ನನಗೆ ಹೊಗಳಿಕೆಗೊಂದು ಸಾಕ್ಷಿ ಬೇಕಿತ್ತು.

“ಸಿಸ್ಟರ್, ನನ್ನ ಮಗಳು ಬಿಟ್ಟದ್ದು ಏನೆಂದು ನನಗೆ ಗೊತ್ತಾಗಿದೆ.”

“ನಮಗೆ ಗೊತ್ತಿಲ್ಲ ಸರ್. ನೀವೂ ಹೇಳ್ಬೇಡಿ,” ಎಂದು ಸಿಸ್ಟರ್ ನಕ್ಕರು. “ಹೇಳಿದರೆ ಅದು ತ್ಯಾಗ ಅಲ್ಲ, ಅಡ್ವರ್ಟೈಸ್‌ಮೆಂಟ್.”

ಅಷ್ಟರಲ್ಲಾಗಲೇ ಅಡ್ವರ್ಟೈಸ್‌ಮೆಂಟ್ ಮಣಿಪಾಲ ದಾಟಿ ಉಡುಪಿಯವರೆಗೆ ಹೋಗಿತ್ತು.

ಆ ವರ್ಷ ಈಸ್ಟರ್ ಬೇಗ ಬಂತು. ಮಕ್ಕಳಿಗೆ ಪರೀಕ್ಷೆ ಇನ್ನೂ ಬಾಕಿ. ಭಾನುವಾರವಿಡೀ ಸ್ಕೂಟರ್ ತೊಳೆದೆ. ಹಿಂದಿನ ಸೀಟಿಗೆ ಹೊಸ ಕವರ್ ಹಾಕಿಸಿದ್ದೆ. ಸೋಮವಾರ ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಇನ್ನೆಂಥ ಶಕುನ ಬೇಕು?

“ಬಾ ಮಗಾ, ಹತ್ತು. ಈಸ್ಟರ್ ಮುಗೀತಲ್ಲ.”

ಮಗಳು ನನ್ನನ್ನೂ ಸೀಟನ್ನೂ ನೋಡಿದಳು. “ಈಸ್ಟರಿಗೂ ಸ್ಕೂಟರಿಗೂ ಎಂತ?”

“ನೀನು ಬಿಟ್ಟದ್ದು... ಇದನ್ನೇ ಅಲ್ವಾ?”

“ಅಲ್ಲ ಪಪ್ಪ. ನಾನು ಬಿಟ್ಟದ್ದು ಚರುಮುರಿ.”

ಚರುಮುರಿ! ಶಾಲೆಯ ಹತ್ತಿರದ ಗಾಡಿಯಲ್ಲಿ ನೀರುಳ್ಳಿ, ಟೊಮೆಟೊ, ತೆಂಗಿನೆಣ್ಣೆ ಹಾಕಿ ಕಲಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರಲ್ಲ, ಅದು. ಐದು ವರ್ಷ ಮಳೆಗೂ ಬಿಸಿಲಿಗೂ ಸ್ಕೂಟರ್ ಓಡಿಸಿದ ಮೇಲೆ, ನಾನು ಚರುಮುರಿಗೆ ಸೋತಿದ್ದೆ. ಒಳಗಿನಿಂದ ಹೆಂಡತಿಯ ನಗು ಕೇಳಿಸಿತು.

“ಮತ್ತೆ ಸ್ಕೂಟರ್ ಯಾಕೆ ಬಿಟ್ಟದ್ದು?” ಕೊನೆಗೂ ಕೇಳಿಬಿಟ್ಟೆ.

ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. ಸುಳ್ಳು ಹುಡುಕುತ್ತಿರಲಿಲ್ಲ, ಮೆತ್ತಗಿನ ಮಾತು ಹುಡುಕುತ್ತಿದ್ದಳು. “ಸ್ಕೂಟರಲ್ಲಿ ನೀವೇ ಮಾತಾಡ್ತೀರಿ ಪಪ್ಪ. ಗಟ್ಟಿ ಹಿಡ್ಕೋ, ಮಗ್ಗಿ ಹೇಳು, ಟಿಫಿನ್ ಚೆಲ್ಬೇಡ, ನಾಯಿ ಮುಟ್ಬೇಡ. ಬಸ್ಸಲ್ಲಿ ನಾನೂ ಮಾತಾಡ್ಬಹುದು.”

ನಾನು ಸ್ಕೂಟರ್ ಆಫ್ ಮಾಡಿ ಹೊಸ ಸೀಟು ಕವರನ್ನೇ ಒರೆಸುತ್ತ ನಿಂತೆ. ಅದು ಅವಳಿಗೆ ಪಾಪ ಅನ್ನಿಸಿರಬೇಕು. “ಶನಿವಾರ ಒಂದು ದಿನ ಬರ್ತೇನೆ. ಆದ್ರೆ ನೀವೂ ಒಂದು ಬಿಡ್ಬೇಕು,” ಎಂದು ಬಸ್ಸಿಗೆ ಓಡಿದಳು. ಏನನ್ನು ಎಂದು ನಾನು ಕೇಳಲಿಲ್ಲ. ಅಷ್ಟು ದಡ್ಡನಲ್ಲ.

ಶನಿವಾರ ಬಂತು. ಹಲ್ಲು ಕಚ್ಚಿ ಹೊರಟೆ. ಕೆಂಪುಕಲ್ಲು ತುಂಬಿದ ಲಾರಿಯೊಂದು ಒತ್ತಿಕೊಂಡೇ ಹೋಯಿತು, ‘ಗಟ್ಟಿ ಹಿಡ್ಕೋ’ ಗಂಟಲಿನವರೆಗೆ ಬಂತು, ನುಂಗಿದೆ. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದಿನಿಂದ ಮೆಲ್ಲಗೆ ಒಂದು ಮಾತು. ಮತ್ತೆ ನಿಲ್ಲಲೇ ಇಲ್ಲ. ಬಸ್ಸಿನಲ್ಲಿ ಯಾರಿಗೆ ವಾಂತಿ ಬಂತು, ಅಮ್ಮನಿಲ್ಲದ ಗೆಳತಿಯ ಜಡೆಯನ್ನು ಇವಳು ದಿನಾ ಹೇಗೆ ಹಾಕಿಕೊಡುತ್ತಾಳೆ, ಭಿನ್ನರಾಶಿ ಎಂದರೆ ಇವಳಿಗೆ ಹೊಟ್ಟೆನೋವು ಯಾಕೆ ಬರುತ್ತದೆ. ಐದು ವರ್ಷ ಇಷ್ಟೆಲ್ಲ ಕಥೆ ನನ್ನ ಬೆನ್ನಿಗೆ ಒರಗಿಕೊಂಡೇ ಶಾಲೆಗೆ ಹೋಗುತ್ತಿತ್ತೇ?

ಗೇಟು ಬಂತು. ಇಳಿದಳು. ಕಣ್ಣು ಹೊಳೆಯುತ್ತಿತ್ತು. “ಇನ್ನೂ ಹೇಳ್ಲಿಕ್ಕೆ ಉಂಟು ಪಪ್ಪ. ಸೋಮವಾರ—”

“ಶೂ ಲೇಸು ಕಟ್ಕೋ, ಬೀಳ್ತಿ! ನೀರು ಕುಡಿ! ಭಿನ್ನರಾಶಿ ಇವತ್ತೇ ಟೀಚರ ಹತ್ತಿರ ಕೇಳು!”

ಮಗಳು ಬಗ್ಗಿ ನಿಧಾನವಾಗಿ ಲೇಸು ಕಟ್ಟಿದಳು. ಎದ್ದು ನಿಂತು, ಸಿಟ್ಟಿಲ್ಲದೆ ಹೇಳಿದಳು: “ಸೋಮವಾರ ಬಸ್ಸಲ್ಲೇ ಹೋಗ್ತೇನೆ.”

ಅವಳು ಚರುಮುರಿಯನ್ನು ಈಸ್ಟರಿನ ತನಕ ಬಿಟ್ಟಿದ್ದಳು, ಸರಿ; ಆದರೆ ನನ್ನಂಥವನು ಬಾಯಿ ಬಿಡದೆ ಶಾಲೆಯ ಗೇಟಿನ ತನಕ ತಲುಪಿದ್ದೂ ಸಣ್ಣ ಸಾಧನೆಯೇ?