ಅಕ್ಕ ಮೊದಲು ನೋಡಿದ ಸಿನಿಮಾಗಳು

ನನ್ನ ಬಾಯಲ್ಲಿರುವ ಹಲ್ಲಿನ ಸೆಟ್ಟನ್ನು ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಬೀದಿಯವರೆಲ್ಲ ಅವನನ್ನು ಹಲ್ಲಣ್ಣ ಎನ್ನುತ್ತಾರೆ. ದಂತವೈದ್ಯರು ಕಳಿಸುವ ಅಚ್ಚುಗಳ ಮೇಲೆ ಮೇಣ ಹಚ್ಚಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು ಅವನ ಕೆಲಸ. ವಾರವೆಲ್ಲ ದೀಪದ ಕೆಳಗೆ ಕಣ್ಣು ಕಿರಿದು ಮಾಡಿ ಕುಳಿತವನಿಗೆ ಭಾನುವಾರ ಮಧ್ಯಾಹ್ನ ಒಂದು ಸಿನಿಮಾ ಬೇಕು. ಅದು ಕೆಟ್ಟದಾಗಿದ್ದರೆ ಮುಖ ಗಂಟಿಕ್ಕಿಬಿಡುತ್ತಾನೆ.

ಹಾಗಾಗದಂತೆ ನೋಡಿಕೊಳ್ಳುತ್ತಿದ್ದವಳು ಅವನ ಅಕ್ಕ. ಹಿಂದಿನ ಬೀದಿಯಲ್ಲಿ ಒಬ್ಬಳೇ ಇರುವ ಆಕೆ, ಅವನಿಗಾಗಿ ಅದೂ ಇದೂ ನೋಡಿ ಶನಿವಾರ ಫೋನಿನಲ್ಲಿ ತೀರ್ಪು ಕೊಡುತ್ತಿದ್ದಳು.

"ಅದು ಬೇಡ ಕಣೋ, ಅರ್ಧಕ್ಕೇ ಗೊರಕೆ ಹೊಡೀತೀಯ. ಇನ್ನೊಂದಿದೆ, ಹೊಟ್ಟೆ ಹುಣ್ಣಾಗೋಷ್ಟು ನಗ್ತೀಯ."

ಭಾನುವಾರ ಅವನ ಮನೆಗೆ ಬಂದು, ನೋಡಿದ್ದನ್ನೇ ಅವನ ಜೊತೆ ಮತ್ತೆ ನೋಡುತ್ತಿದ್ದಳು.

ಈಚೆಗೆ ಹಲ್ಲಣ್ಣನ ಮಗಳು ಅವನ ಫೋನಿಗೆ ಕೃತಕ ಬುದ್ಧಿಮತ್ತೆಯ ಆ್ಯಪ್ ಹಾಕಿಕೊಟ್ಟಳು. ಬೇಕಾದದ್ದನ್ನು ಹೇಳಿದರೆ ಸಾಕು, ಅವನಿಗೆ ಹಿಡಿಸುವ ಸಿನಿಮಾಗಳನ್ನು ಅದು ಹುಡುಕಿಕೊಡುತ್ತಿತ್ತು. ಭಾನುವಾರದವರೆಗೆ ಕಾಯುವ ತಾಳ್ಮೆ ಹೋಯಿತು. ಅಕ್ಕ ಹೇಳುವ ಸಿನಿಮಾವನ್ನು ಎಷ್ಟೋ ಸಲ ಆಗಲೇ ನೋಡಿ ಮುಗಿಸಿರುತ್ತಿದ್ದ. ಆಕೆ ನೊಂದುಕೊಂಡಾಳೆಂದು, "ಹೌದಾ? ನಾನು ಕೇಳೇ ಇಲ್ಲ" ಎಂದುಬಿಡುತ್ತಿದ್ದ.

ಒಂದು ಭಾನುವಾರ ಪರದೆಯ ಮೇಲೆ ಒಬ್ಬ ಬೀರುವಿನ ಬಾಗಿಲಿಗೆ ಕೈ ಹಾಕಿದ. ಒಳಗೆ ಅಡಗಿ ಕುಳಿತ ಮಾವ ಕಾಣಿಸುವ ಮೊದಲೇ ಹಲ್ಲಣ್ಣ ಗಹಗಹಿಸಿ ನಕ್ಕ.

"ಬಾಗಿಲು ಇನ್ನೂ ತೆಗೆದಿಲ್ಲವಲ್ಲೋ," ಎಂದಳು ಅಕ್ಕ.

ಅವನು ಕೆಮ್ಮಿದ.

"ಯಾರು ತೋರಿಸಿದ್ರು ನಿಂಗೆ ಈ ಸಿನಿಮಾನ?"

"ಫೋನು ಹೇಳ್ತು."

"ಯಾವಾಗಿಂದ?"

"ಮಗಳು ಅದನ್ನ ಹಾಕ್ಕೊಟ್ಟಾಗಿಂದ."

"ನಾನೊಬ್ಳು ಪೆದ್ದಿ, ನಿಂಗೋಸ್ಕರ ಕಸಾನೆಲ್ಲ ನೋಡಿ ನೋಡಿ ಕಣ್ಣು ಕೆಡಿಸ್ಕೊಂಡೆ," ಎಂದು ನಕ್ಕಂತೆ ಮಾಡಿ ಅಕ್ಕ ಅಡುಗೆಮನೆಗೆ ಹೋದಳು. ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು.

"ಅವಳು ನಾಲ್ಕು ಬೈದಿದ್ರೆ ಚೆನ್ನಾಗಿತ್ತು ಮೇಷ್ಟ್ರೇ," ಎಂದ ಹಲ್ಲಣ್ಣ ಆಮೇಲೊಂದು ದಿನ, ನನಗೆ ಚುಚ್ಚುತ್ತಿದ್ದ ಸೆಟ್ಟಿನ ಅಂಚನ್ನು ಉಜ್ಜುತ್ತಾ.

ಅಂದು ಅಕ್ಕ ಲೋಟ ತೊಳೆಯುತ್ತಿದ್ದಾಗ, ತಪ್ಪು ತಿದ್ದಿಕೊಳ್ಳಲು ಅವನಿಗೆ ತೋಚಿದ್ದೂ ಆ ಫೋನೇ. ಅಕ್ಕನಿಗೆ ಇಷ್ಟವಾಗುವಂಥ ಒಂದು ಸಿನಿಮಾ ಹೇಳು ಎಂದು ಬರೆದ. ಅವರಿಗೆ ಎಂಥ ಸಿನಿಮಾ ಇಷ್ಟ ಎಂದು ಅದು ವಿನಯದಿಂದ ಮರುಪ್ರಶ್ನೆ ಹಾಕಿತು.

ಹಲ್ಲಣ್ಣನ ಬೆರಳು ನಿಂತಿತು. ಇಷ್ಟು ವರ್ಷ ಅಕ್ಕ ಆರಿಸಿದ್ದೆಲ್ಲ ಅವನಿಗೆ ರುಚಿಸುವಂಥದ್ದು. ಆಕೆಯ ರುಚಿ ಏನೆಂದು ಅವನು ಒಮ್ಮೆಯೂ ವಿಚಾರಿಸಿರಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಕ್ಕಾ, ನಿಂಗೆ ಎಂಥ ಸಿನಿಮಾ ಇಷ್ಟ?"

"ಆಹಾ, ಈಗ ನೆನಪಾಯ್ತಾ ರಾಯರಿಗೆ! ಅದನ್ನೂ ಆ ಫೋನನ್ನೇ ಕೇಳು."

"ಅದೇ ನನ್ನ ಕೇಳ್ತು. ನಂಗೆ ಗೊತ್ತಿರ್ಲಿಲ್ಲ."

ಅಕ್ಕ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ, "ದೆವ್ವದ್ದು," ಎಂದಳು.

"ದೆವ್ವದ್ದಾ! ನೀನು ಒಂದಾದ್ರೂ ನೋಡಿದ್ದು ನಾ ಕಾಣೆ."

"ಒಬ್ಳೇ ಹೇಗೋ ನೋಡೋದು? ಭಯ ಆಗಲ್ವಾ?"

ಹಲ್ಲಣ್ಣ ದೆವ್ವ ಎಂಬ ಆ ಒಂದು ಪದವನ್ನು ಫೋನಿಗೆ ಹೇಳಿ, ಕಿಟಕಿಯ ಪರದೆ ಎಳೆದು, ಆಕೆಯ ಪಕ್ಕದಲ್ಲಿ ಕುಳಿತ. ಅಕ್ಕ ಬೆಚ್ಚಿ ಮುಂಗೈ ಹಿಡಿದಾಗಲೆಲ್ಲ ಅವನ ಮನಸ್ಸು ಹಗುರವಾಗಲಿಲ್ಲವಂತೆ, ಇಷ್ಟು ವರ್ಷ ಇದನ್ನು ಕೇಳಲೇ ಇಲ್ಲವಲ್ಲ ಎಂದು ಇನ್ನಷ್ಟು ಭಾರವಾಯಿತಂತೆ.