ಭಾನುವಾರದ ಬಾಜಿ

ಬೀದರಿನ ಕೊಳಾರದ ತೊಗರಿ ಗೋದಾಮಿನಲ್ಲಿ ಲಾರಿ ತೂಗುವ ಕಾಂಟಾಕ್ಕೆ ಇರುವವರು ಇಬ್ಬರೇ, ಚಿದ್ರಿಯ ಬೆಂಜಮಿನ ಮತ್ತು ಮಕ್ಸೂದ. ಭಾನುವಾರ ಇಬ್ಬರಲ್ಲೊಬ್ಬ ಬರಲೇಬೇಕು. ಯಾರು ಎಂಬ ತಕರಾರು ಸಾಹೇಬರವರೆಗೆ ಹೋಗದಿರಲಿ ಎಂದು ಎಂಟು ವರ್ಷದಿಂದ ಅವರು ಗುರುವಾರದ ಊಟದ ಬಿಡುವಿನಲ್ಲಿ ಪೋಕರ್ ಆಡಿ ತೀರ್ಮಾನಿಸುತ್ತಿದ್ದರು. ಹಣ ಹಚ್ಚುವಂತಿಲ್ಲ, ಬೆಂಜಮಿನ ಮೆಥಡಿಸ್ಟ್ ಚರ್ಚಿನ ಮುಂದಿನ ಬೆಂಚಿನ ಮನುಷ್ಯ, ಇಸ್ಪೀಟು ಮುಟ್ಟುವುದನ್ನೇ ಹೆಂಡತಿ ಎಡಿತಳಿಂದ ಮುಚ್ಚಿಟ್ಟಿದ್ದ. ಹಣದ ಬದಲು ತಲಾ ಇಪ್ಪತ್ತು ಪುಟಾಣಿ ಕಾಳು. ಬಿಡುವು ಮುಗಿದಾಗ ಯಾರ ಮುಂದೆ ಕಡಿಮೆಯೋ ಭಾನುವಾರ ಅವನದು.

ಮಕ್ಸೂದನಷ್ಟು ಸಪ್ಪೆ ಆಟಗಾರ ಬೀದರಿನಲ್ಲೇ ಸಿಗಲಿಕ್ಕಿಲ್ಲ. ಭಾರಿ ಎಲೆ ಬಂದರೆ ಮಾತ್ರ ಏರಿಸುತ್ತಿದ್ದ, ಅದೂ ಬಾಯಿತುಂಬ ನಗುತ್ತ. ಅವನು ಏರಿಸಿದರೆ ಬೆಂಜಮಿನ ಆ ಬಾಜಿ ಬಿಟ್ಟುಕೊಟ್ಟು ಸುಮ್ಮನೆ ಎಲೆ ಕೆಳಗಿಡುತ್ತಿದ್ದ.

ಕಳೆದ ಫೆಬ್ರವರಿಯ ಒಂದು ಗುರುವಾರ ಇಬ್ಬರೂ ಸರಿಸಮನಾಗಿ ಕೊನೆಯ ಬಾಜಿಗೆ ಬಂದರು. ನಡುವೆ ಬಿಚ್ಚಿಟ್ಟ ಮೂರು ಎಲೆಗಳಲ್ಲಿ ರಾಜನೇ ದೊಡ್ಡದು. ಬೆಂಜಮಿನನ ಕೈಯಲ್ಲಿ ಇನ್ನೊಂದು ರಾಜ. ಜೋಡಿ ಒಳ್ಳೆಯದೇ, ಆದರೆ ಎದೆ ತಟ್ಟಿಕೊಳ್ಳುವಂಥದ್ದಲ್ಲ. ಐದು ಕಾಳು ದೂಡಿದ. ಮಕ್ಸೂದ ತನ್ನ ಮುಂದಿದ್ದ ಕಾಳನ್ನೆಲ್ಲ ಅಂಗೈಯಿಂದ ಬಳಿದು ನಡುವಿಗೆ ಸರಿಸಿದ. ನಗಲಿಲ್ಲ.

"ಬಿಡ್ರಿ ಅಣ್ಣಾ. ಈ ಸಲ ಬಿಟ್ಟಬಿಡ್ರಿ."

ಬೆಂಜಮಿನ ಅವನ ಮುಖ ನೋಡಿದ. ಕತ್ತಿನ ನರ ಬಡಿದುಕೊಳ್ಳುತ್ತಿತ್ತು. ಎಂಟು ವರ್ಷ ಎದುರು ಕೂತವನಿಗೆ ಅಷ್ಟೂ ತಿಳಿಯದೇ? ಅವನ ಕೈ ಖಾಲಿ, ಒಂದೂ ಒಳ್ಳೆಯ ಎಲೆಯಿಲ್ಲ. ಎಲೆ ಬಿಟ್ಟರೆ ದೂಡಿದ ಐದು ಕಾಳು ಹೋಗಿ ಭಾನುವಾರ ತನ್ನ ಕೊರಳಿಗೆ. ಅಂದು ಭಾಲ್ಕಿಯಲ್ಲಿ ಎಡಿತಳ ತಮ್ಮ ಯೋಹಾನನ ಹೊಸ ಮನೆಯ ಪ್ರಾರ್ಥನೆ, ಮಟನ್ ಊಟ. ನಿಜ ಹೇಳಬೇಕೆಂದರೆ ಊಟ ಒಂದು ನೆಪ. ಎಂದೂ ಸುಳ್ಳಾಡದವನು ಇಂದು ಆಡುತ್ತಿದ್ದಾನೆ, ಅದನ್ನು ನಾನು ಹಿಡಿದೆ ಎಂಬ ಹಾಳು ಹುರುಪು. ಬೆಂಜಮಿನನೂ ಕಾಳನ್ನೆಲ್ಲ ಸರಿಸಿದ.

ಮಕ್ಸೂದ ಎಲೆ ಮಗುಚಿದ. ಏಳು, ನಾಲ್ಕು, ಯಾವುದಕ್ಕೂ ಹೊಂದದವು. ಆಮೇಲೆ ನಡುವೆ ಬಿಚ್ಚಿದ ಉಳಿದೆರಡು ಎಲೆಗಳೂ ಅವನ ಕೈಹಿಡಿಯಲಿಲ್ಲ. "ಸಿಕ್ಕಿಬಿದ್ರಿ ನೋಡ್ರಿ ಭಾಯಿ," ಎಂದು ಬೆಂಜಮಿನ ನಕ್ಕ, ಸಂಜೆಯವರೆಗೂ ಹಮಾಲರಿಗೆ ಹೇಳಿಕೊಂಡು ನಕ್ಕ. ಭಾನುವಾರ ಭಾಲ್ಕಿಯಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡ.

ಸೋಮವಾರ ಔರಾದಿನಿಂದ ಮಾಲು ತಂದ ಡ್ರೈವರ್ ಅಖೀಲ ತೂಕದ ಚೀಟಿಗೆ ನಿಂತವನು ಹೇಳಿದ: "ಮಕ್ಸೂದ ಭಾಯಿ ನಿನ್ನಿ ನಮ್ಮ ಔರಾದಿಗಿ ಬರ್ಲೇ ಇಲ್ರಿ. ಮಗಳು ಸಾಯಿಮಾ ಬಸ್ ಸ್ಟ್ಯಾಂಡಿನಾಗ ಮಧ್ಯಾನತನ ಕುಂತಿದ್ಳು."

ಮಕ್ಸೂದನಿಗೆ ಮಗಳಿರುವುದೇ ಬೆಂಜಮಿನನಿಗೆ ಗೊತ್ತಿರಲಿಲ್ಲ. ಅಖೀಲನೇ ಬಿಡಿಸಿ ಹೇಳಿದ: ಒಂಬತ್ತು ವರ್ಷದ ಹಿಂದೆ ಅಪ್ಪನ ಮಾತು ಮೀರಿ ಮದುವೆಯಾಗಿ ಔರಾದು ಸೇರಿದವಳು. ಗಂಡನೊಂದಿಗೆ ಸೌದಿಯ ಜೆದ್ದಾಕ್ಕೆ ಹೊರಟಿದ್ದಳು. ಭಾನುವಾರ ಮಧ್ಯಾಹ್ನ ಉದಗೀರಿನ ಬಸ್ಸು, ಅಲ್ಲಿಂದ ಮುಂಬೈ. ಒಮ್ಮೆ ಬಂದು ಹೋಗು, ಬರದಿದ್ದರೆ ನಿನಗೆ ಮಗಳಿಲ್ಲ ಎಂದೇ ತಿಳಿಯುತ್ತೇನೆ ಎಂದು ಅಪ್ಪನಿಗೆ ಹೇಳಿಕಳಿಸಿದ್ದಳು. ಭಾನುವಾರ ಮಕ್ಸೂದ ಕಾಂಟಾದಲ್ಲೇ ಕೂತು ಹತ್ತಾರು ಸಲ ಫೋನು ಹಚ್ಚಿದ್ದ. ಅವಳು ಎತ್ತಲಿಲ್ಲ.

ಬೆಂಜಮಿನ ಚೀಟಿಯನ್ನು ಅಖೀಲನ ಕೈಗಿಟ್ಟ. ನೇರ ಮಕ್ಸೂದನ ಬಳಿ ಹೋದ.

"ಒಂದು ಮಾತು ಹೇಳಿದ್ರ ನಾನೇ ಡ್ಯೂಟಿಗಿ ಬರ್ತಿದ್ನಲ್ಲ ಭಾಯಿ."

"ನನಗ ಮಕ್ಕಳೇ ಇಲ್ಲ ಅಂತ ಒಂಬತ್ತ ವರ್ಷ ಎಲ್ಲಾರಿಗಿ ಹೇಳ್ಕೋತ ಬಂದೀನಿ. ಯಾವ ಬಾಯಿಲೆ ಕೇಳಲಿರಿ?" ಮಕ್ಸೂದ ತಲೆ ಎತ್ತಲಿಲ್ಲ. "ಅವತ್ತ ನನ್ನ ಕೈ ಖಾಲಿ ಅಂತ ನಿಮಗ ಗೊತ್ತಾಗಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. "ಗೊತ್ತಾಗಿತ್ತು," ಅಂದ ಬೆಂಜಮಿನ.

"ಎಂಟು ವರ್ಷದಾಗ ಒಮ್ಮಿನೂ ಸುಳ್ಳ ಆಡದವ ಇವತ್ತ ಯಾಕ ಆಡಾಕತ್ತಾನ ಅಂತ ಕೇಳಲಿಲ್ರಿ ಅಣ್ಣಾ ನೀವು."

 ಈಗ ಅವರಿಬ್ಬರೂ ಇಸ್ಪೀಟು ಆಡುವುದಿಲ್ಲ. ಭಾನುವಾರದ ಡ್ಯೂಟಿಯೆಲ್ಲ ಬೆಂಜಮಿನನದೇ. ಚರ್ಚು ತಪ್ಪಿತೆಂದು ಎಡಿತ ಬೈದರೂ ಕಾರಣ ಹೇಳುವುದಿಲ್ಲ. ಮಕ್ಸೂದ ಬೇಡವೆನ್ನಲೂ ಇಲ್ಲ, ಉಪಕಾರವಾಯಿತೆನ್ನಲೂ ಇಲ್ಲ. ಅವನಿಗೀಗ ಭಾನುವಾರ ಪೂರಾ ಬಿಡುವು, ಔರಾದಿಗೆ ಹೋದರೆ ಮಾತಾಡಿಸುವವರು ಯಾರೂ ಇಲ್ಲ.