ಚಪ್ಪೆಯಾದ ಎರಡು ವರ್ಷ

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರ್ ಬಂದು ಎಲ್ಲಿಗೆಂದು ಕೇಳಿದ. ಬಾಯಿ ತೆರೆದೆ. ನನ್ನ ಊರಿನ ಹೆಸರು ಬರಲಿಲ್ಲ.

ಊರು ಕಣ್ಣ ಮುಂದೆಯೇ ಇತ್ತು. ಹೊಳೆ, ಇಕ್ಕಟ್ಟಾದ ಪೇಟೆ, ನಮ್ಮ ಮನೆಯ ಗೇಟು, ಗೇಟಿನ ಕಿತ್ತುಹೋದ ಚಿಲಕ. ಹೆಸರು ಮಾತ್ರ ಇರಲಿಲ್ಲ.

"ಕೊನೆಯ ಸ್ಟಾಪು," ಎಂದೆ.

"ಸಾರ್‌ಗೆ ಇವತ್ತು ತಮಾಷೆ," ಎಂದು ಅವನು ಟಿಕೆಟು ಹರಿದು ಕೊಟ್ಟ.

ಸಿದ್ಧಕಟ್ಟೆ ದಾಟಿದ ಮೇಲೆ ಹೆಸರು ತಾನಾಗಿ ಬಂತು. ಸಂತೋಷವಾಗಲಿಲ್ಲ. ಕಳೆದುಹೋದ ಮಗು ತಾನಾಗಿ ಮನೆಗೆ ಬಂದರೆ ಅದು ಇಷ್ಟು ಹೊತ್ತು ಎಲ್ಲಿತ್ತು ಎಂಬ ಯೋಚನೆಯೇ ಹೆಚ್ಚು ಹೆದರಿಸುತ್ತದೆ.

ತೊಂಬತ್ತರ ದಶಕವಿಡೀ ನಾನು ಆ ದಾರಿಯಲ್ಲಿ ಓಡಾಡಿದವನು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕನಾಗಿದ್ದು ನಿವೃತ್ತನಾದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತ ಒಂದು ಪಾಠವನ್ನು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಸಿಗುವವರೆಗೆ ಯಾವ ಸಂಗತಿಯನ್ನೂ ನಂಬಬೇಡಿ. ಈಗ ನನ್ನ ತಲೆಯೊಳಗೇ ಏನೋ ನಡೆಯುತ್ತಿತ್ತು. ಅದಕ್ಕೆ ಸಾಕ್ಷಿ ನಾನೊಬ್ಬನೇ. ಅದೂ ನಂಬಲಾಗದ ಸಾಕ್ಷಿ.

ಬೆಳ್ತಂಗಡಿಯಲ್ಲಿದ್ದ ನನ್ನ ಅಣ್ಣನಿಗೂ ಹೀಗೆಯೇ ಶುರುವಾಗಿತ್ತು. ಅವನು ಶಾಲೆಯ ಹೆಡ್‌ಮಾಸ್ಟರನಾಗಿದ್ದವನು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ವಯಸ್ಸಿನ ಅರುಳುಮರುಳು ಎಂದು ಎಲ್ಲರೂ ಹೇಳಿ ಮುಗಿಸಿದರು. ಕೊನೆಕೊನೆಗೆ ಊಟ ಬಡಿಸುತ್ತಿದ್ದ ಅತ್ತಿಗೆಯನ್ನು ನೋಡಿ ಅವನು ಬಹಳ ಮರ್ಯಾದೆಯಿಂದ, "ನೀವು ಯಾರಮ್ಮ? ಯಾರ ಮನೆಯಿಂದ ಬಂದದ್ದು?" ಎಂದು ಕೇಳಿದ. ನಾನು ಪಕ್ಕದಲ್ಲೇ ಕೂತಿದ್ದೆ. ಅತ್ತಿಗೆ ಸೌಟು ಹಿಡಿದುಕೊಂಡು ನಿಂತೇ ಇದ್ದರು.

ಈಗ ನನ್ನ ಸರದಿ ಎಂದುಕೊಂಡೆ.

ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ನನ್ನನ್ನೇ ಪರೀಕ್ಷೆ ಮಾಡತೊಡಗಿದೆ. ಮುಖ ತೊಳೆಯುವಾಗ ಹೊಯ್ಸಳ ಅರಸರನ್ನು ಕ್ರಮವಾಗಿ ಹೇಳುವುದು, ಮಲಗುವಾಗ ಅದೇ ಅರಸರನ್ನು ಹಿಂದಿನಿಂದ ಮುಂದಕ್ಕೆ ಹೇಳುವುದು. ಒಬ್ಬ ಅರಸ ತಪ್ಪಿಹೋದರೆ ನಿದ್ರೆ ಹೋಯಿತು. ನಿದ್ರೆಯಿಲ್ಲದ ಬೆಳಿಗ್ಗೆ ಇನ್ನಿಬ್ಬರು ತಪ್ಪಿಹೋಗುತ್ತಿದ್ದರು. ನೆನಪು ಇದೆಯೇ ಎಂದು ನೋಡುವ ಈ ಕೆಲಸವೇ ನನ್ನ ದಿನದ ಮುಖ್ಯ ಉದ್ಯೋಗವಾಯಿತು. ಪುಸ್ತಕ ಓದುವುದು ನಿಂತಿತು. ಓದಿದ್ದು ಉಳಿಯದಿದ್ದರೆ ಎಂಬ ಹೆದರಿಕೆಯಲ್ಲಿ ಪುಟ ತೆರೆಯಲು ಮನಸ್ಸೇ ಬರುತ್ತಿರಲಿಲ್ಲ.

ಇದಕ್ಕೆ ಎರಡು ವರ್ಷ ಮೊದಲು ನನಗೆ ಬಿ.ಪಿ. ಇರುವುದು ಗೊತ್ತಾಗಿತ್ತು. ಬಂಟ್ವಾಳದ ನಮ್ಮ ಡಾಕ್ಟರು ಮೂತ್ರ ಹೆಚ್ಚಿಸುವ ಒಂದು ಮಾತ್ರೆ ಕೊಟ್ಟು, "ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಒಣಮೀನು ಬೇಡ. ದಿನಾ ಸ್ವಲ್ಪ ನಡೆಯಿರಿ. ಮುಂದಿನ ತಿಂಗಳು ಬಂದು ತೋರಿಸಿ," ಎಂದಿದ್ದರು.

ನಾನು ನಡೆಯಲೂ ಇಲ್ಲ, ಮುಂದಿನ ತಿಂಗಳು ಹೋಗಲೂ ಇಲ್ಲ. ಮಾತ್ರೆ ಮಾತ್ರ ಮೆಡಿಕಲ್ ಶಾಪಿನಿಂದ ತಪ್ಪದೆ ಬರುತ್ತಿತ್ತು. ಉಪ್ಪಿನ ವಿಷಯಕ್ಕೆ ಬಂದರೆ, 'ಕಡಿಮೆ' ಎಂಬ ಮಾತು ನನಗೆ ಹಿಡಿಸಲಿಲ್ಲ. ಕಡಿಮೆ ಎಂದರೆ ಎಷ್ಟು? ಯಾರ ಕೈಯ ಚಿಟಿಕೆ? ನಿಖರವಾದದ್ದೆಂದರೆ ಸೊನ್ನೆ ಒಂದೇ. ಉಪ್ಪನ್ನು ಪೂರ್ತಿ ಬಿಟ್ಟುಬಿಟ್ಟೆ. ನನ್ನ ಹೆಂಡತಿ ಸುಮತಿ ಪಕ್ಕದ ಬಿ.ಸಿ.ರೋಡಿನಲ್ಲಿರುವ ನನ್ನ ಗೆಳೆಯ ಹಮೀದರ ಪಾತ್ರೆ ಅಂಗಡಿಗೆ ಹೋಗಿ ನನಗೆಂದೇ ಒಂದು ಪುಟ್ಟ ತಪಲೆ ತಂದಳು. ನನ್ನ ಪದಾರ್ಥ ಅದರಲ್ಲಿ ಬೇರೆಯೇ ಬೇಯತೊಡಗಿತು.

ಅದರ ಜೊತೆಗೆ ನೀರು. ಎದ್ದ ಕೂಡಲೇ ಹೊಟ್ಟೆ ತುಂಬ ನೀರು ಕುಡಿದರೆ ರಕ್ತ ಶುದ್ಧವಾಗುತ್ತದೆ ಎಂದು ಒಂದು ವಾರಪತ್ರಿಕೆಯಲ್ಲಿ ಓದಿದ್ದೆ. ಬರೆದವನು ಯಾರೋ ಗೊತ್ತಿಲ್ಲ. ಅವನ ಮಾತಿಗೆ ಎರಡನೆಯ ಸಾಕ್ಷಿ ಹುಡುಕಬೇಕೆಂದು ನನಗೆ ತೋಚಲೇ ಇಲ್ಲ. ಎದ್ದಾಗ ಒಂದು ದೊಡ್ಡ ಚೊಂಬು, ಆಮೇಲೆ ದಿನವಿಡೀ ಚೊಂಬು ಚೊಂಬು.

ನಮ್ಮ ಕಡೆ ಕುಚ್ಚಲಕ್ಕಿ ಗಂಜಿಯೇ ಊಟ. ಉಪ್ಪಿಲ್ಲದ, ಉಪ್ಪಿನಕಾಯಿಯಿಲ್ಲದ ಗಂಜಿಯನ್ನು ಎಷ್ಟು ಉಣ್ಣಲಾದೀತು? ಊಟ ಕಡಿಮೆಯಾಗುತ್ತ ಬಂತು. ಊಟದೊಂದಿಗೆ ಬೇರೆಯವೂ ಕಡಿಮೆಯಾದವು. ಹಮೀದರು ದುಬೈಯಲ್ಲಿ ಬಹಳ ವರ್ಷ ಇದ್ದು ಬಂದು ಅಂಗಡಿ ಇಟ್ಟವರು. ಸಂಜೆ ನಾವಿಬ್ಬರು ಹೋಟೆಲಿನಲ್ಲಿ ಗೋಳಿಬಜೆ ತಿಂದು ಚಾ ಕುಡಿಯುವುದು ನಾನು ಕಾಲೇಜಿಗೆ ಹೋಗುತ್ತಿದ್ದಾಗಿನಿಂದಲೂ ಇದ್ದ ವಾಡಿಕೆ. ಗೋಳಿಬಜೆಯಲ್ಲಿ ಉಪ್ಪುಂಟು ಎಂದು ನಾನು ಹೋಗುವುದನ್ನು ನಿಲ್ಲಿಸಿದೆ. ಮದುವೆಗಳಿಗೆ ಹೋಗಿ ಊಟ ಮಾಡದೆ ಬಂದರೆ ಆ ಮನೆಯವರಿಗೆ ಬೇಸರ. ಹಾಗಾಗಿ ಮದುವೆಗಳನ್ನೂ ಬಿಟ್ಟೆ.

"ಮಾಸ್ಟ್ರೇ, ನೀವು ಬಿಟ್ಟದ್ದು ಉಪ್ಪನ್ನೋ, ನಮ್ಮನ್ನೋ?" ಎಂದು ಹಮೀದರು ಒಮ್ಮೆ ಗೇಟಿನ ಹೊರಗೆ ನಿಂತೇ ಕೇಳಿದರು.

"ಆರೋಗ್ಯ ನೋಡಿಕೊಳ್ಳುವುದು ಬೇಡವಾ?"

"ನೋಡಿಕೊಳ್ಳಿ ಮಾರಾಯ್ರೇ. ಆದರೆ ನೋಡಿದರೆ ಆರೋಗ್ಯ ಇದ್ದವರ ಹಾಗೆ ಕಾಣುದಿಲ್ಲ ನೀವು."

ನನಗೆ ಸಿಟ್ಟು ಬಂತು. ಒಳಗೆ ಬನ್ನಿ ಎನ್ನಲಿಲ್ಲ.

ಬಸ್ಸಿನ ಘಟನೆ ನಡೆದ ಮೇಲೆ ನನ್ನ ಸ್ಥಿತಿ ಬಹಳ ಬೇಗ ಹದಗೆಟ್ಟಿತು. ನಡೆದರೆ ನೆಲ ಸ್ವಲ್ಪ ಜಾರಿದಂತೆ. ಹೊಟ್ಟೆ ತೊಳಸುವುದು. ಪೇಪರಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು. ಒಂದು ದಿನ ಬಚ್ಚಲಿನಲ್ಲಿ ಬಿದ್ದೆ. ಅಣ್ಣನೂ ಬಿದ್ದಿದ್ದ. ಪ್ರತಿಯೊಂದು ಲಕ್ಷಣವನ್ನೂ ಅವನ ಲಕ್ಷಣದ ಪಕ್ಕದಲ್ಲಿಟ್ಟು ಹೋಲಿಸಿದೆ. ಎಲ್ಲವೂ ಹೊಂದುತ್ತಿದ್ದವು. ಹೊಂದುವಂಥವನ್ನೇ ಆರಿಸುತ್ತಿದ್ದೇನೆ ಎಂಬುದು ಹೊಳೆಯುವಷ್ಟು ಬುದ್ಧಿ ಆಗ ಉಳಿದಿರಲಿಲ್ಲ.

ಮುಂದಿನದು ನನಗೆ ನೆನಪಿಲ್ಲ. ಸುಮತಿ ಮತ್ತು ಹಮೀದರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಆ ಬೆಳಿಗ್ಗೆ ನಾನು ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಸುಮತಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಮನೆಯಿಂದ ಹೊರಟೆ. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹಮೀದರು ನೋಡಿ ಹತ್ತಿರ ಬಂದರು. ಸುಮತಿ ಪ್ರಕಾರ ನಾನು ಬರಿಗಾಲಿನಲ್ಲಿದ್ದೆ. ಚಪ್ಪಲಿ ಹಾಕಿದ್ದರು ಎಂದು ಹಮೀದರ ಹಟ. ಇಬ್ಬರಿಗೂ ಇನ್ನೂ ರಾಜಿಯಾಗಿಲ್ಲ. ಆದರೆ ನಾನು ಆಡಿದ ಮಾತನ್ನು ಹಮೀದರು ಪ್ರತಿಸಲವೂ ಒಂದೇ ರೀತಿ ಹೇಳುತ್ತಾರೆ.

"ಮೊದಲ ಪೀರಿಯಡ್ ಉಂಟು. ಮೂಡುಬಿದಿರೆ ಬಸ್ಸು ಹೋಯಿತಾ?"

ಅದಾದ ಮೇಲೆ ಅವರನ್ನು ನೋಡಿ, ನೀವು ಯಾರು ಎಂದು ಕೇಳಿದೆನಂತೆ.

ಹಮೀದರು ಅಂಗಡಿಯ ಬಾಗಿಲನ್ನು ಮತ್ತೆ ಎಳೆದು, ಕಾರಿನಲ್ಲಿ ನನ್ನನ್ನು ಕೂರಿಸಿ, ಮನೆಗೆ ಬಂದು ಸುಮತಿಯನ್ನೂ ಹತ್ತಿಸಿಕೊಂಡು ಮಂಗಳೂರಿನ ಒಂದು ಆಸ್ಪತ್ರೆಗೆ ಓಡಿಸಿದರು. ಫರಂಗಿಪೇಟೆ ದಾಟುವಾಗ ನಾನು ನಿದ್ರೆಗೆ ಜಾರಿದೆ. ಎಬ್ಬಿಸಿದರೆ ಏಳಲಿಲ್ಲ.

ಕ್ಯಾಶುವಾಲ್ಟಿಯಲ್ಲಿ ಗದಗದ ಕಡೆಯ ಯುವ ಡಾಕ್ಟರ್ ಒಬ್ಬರು ಇದ್ದರು. ಸ್ಟ್ರೋಕ್ ಇರಬಹುದು, ಸ್ಕ್ಯಾನ್ ಮಾಡಿಸಬೇಕು ಎಂದು ಬರೆಯುತ್ತ, ಇತ್ತೀಚೆಗೆ ಹೇಗಿದ್ದರು ಎಂದು ಕೇಳಿದರು. ಸುಮತಿಯ ನಾಲಿಗೆಗೆ ತುಳುವೇ ಹತ್ತಿರ. ಕನ್ನಡವನ್ನು ಅವಳು ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ನಿಧಾನವಾಗಿ ಮಾತಾಡುತ್ತಾಳೆ.

"ಮೊದಲು ಹೀಗೆ ಇರಲಿಲ್ಲ ಡಾಕ್ಟ್ರೇ. ಎಲ್ಲದಕ್ಕೂ ವಾದ ಮಾಡ್ತಿದ್ದರು. ಈಗ ಪೂರಾ ಚಪ್ಪೆ ಆಗಿದ್ದಾರೆ."

"ಕಪ್ಪೀನ?" ಡಾಕ್ಟರು ತಲೆಯೆತ್ತಿದರು.

"ಕಪ್ಪೆ ಅಲ್ಲ. ಚಪ್ಪೆ, ಚಪ್ಪೆ."

"ಸಪ್ಪೆ ಅಂತಾರೆ ನಿಮ್ಮ ಕಡೆ," ಎಂದು ಹಮೀದರು ನಡುವೆ ಬಂದರು. "ಮಂಕಾಗಿದ್ದಾರೆ ಅಂತ."

"ನೀವು ಸುಮ್ಮನಿರಿ, ನಾನು ಹೇಳ್ತೇನೆ," ಎಂದಳು ಸುಮತಿ. "ಉಪ್ಪು ಹಾಕದ ಪದಾರ್ಥ ಹೇಗಿರ್ತದೆ, ಹಾಗೆ. ಇವರ ತಪಲೆಯಲ್ಲಿ ದಿನಾ ಬೇಯುದೇ ಅದು, ಈಗ ಇವರೂ ಅದೇ ಆದರು."

ಡಾಕ್ಟರ ಪೆನ್ನು ನಿಂತಿತು.

"ಒಂದು ಹರಳೂ ಉಪ್ಪು ಹಾಕೂದಿಲ್ಲೇನ್ರಿ ಮನ್ಯಾಗ?"

"ಇವರಿಗೆ ಇಲ್ಲ. ಎರಡು ವರ್ಷ ಆಯ್ತು."

"ನೀರು ಎಷ್ಟು ಕುಡೀತಾರ?"

"ಬಾವಿ ಬತ್ತಿಸುವ ಹಾಗೆ ಕುಡೀತಾರೆ."

"ಬಿ.ಪಿ. ಗುಳಿಗಿ ಯಾವುದು ತೋರಸ್ರಿ."

ಸುಮತಿಯ ಚೀಲದಲ್ಲಿದ್ದ ಮಾತ್ರೆಯ ಹಾಳೆಯನ್ನು ನೋಡಿ ಅವರು ನರ್ಸನ್ನು ಕರೆದರು. ಸ್ಕ್ಯಾನಿಗೆ ಕಾಯದೆ ರಕ್ತ ಮೊದಲು ಲ್ಯಾಬಿಗೆ ಹೋಯಿತು. ಈ ಸಂಭಾಷಣೆಯನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಹೊಂದುತ್ತದೆ. ಇದನ್ನು ನಂಬುತ್ತೇನೆ.

ರಕ್ತದಲ್ಲಿ ಸೋಡಿಯಂ, ಎಂದರೆ ಉಪ್ಪಿನ ಅಂಶ, ಇರಬೇಕಾದುದಕ್ಕಿಂತ ತೀರ ಕೆಳಗಿಳಿದಿತ್ತು. ಉಪ್ಪಿಲ್ಲದ ಊಟ, ಅತಿಯಾದ ನೀರು, ಮೂತ್ರ ಹೆಚ್ಚಿಸುವ ಮಾತ್ರೆ ಮೂರೂ ಸೇರಿ ಮೆದುಳನ್ನು ಮಂಕಾಗಿಸಿದ್ದವು. ಸ್ಕ್ಯಾನಿನಲ್ಲಿ ಸ್ಟ್ರೋಕ್ ಕಾಣಲಿಲ್ಲ. ನನ್ನನ್ನು ಐ.ಸಿ.ಯು.ಗೆ ಸೇರಿಸಿದರು. ಡ್ರಿಪ್ಪಿನಲ್ಲಿ ಉಪ್ಪನ್ನು ನಿಧಾನವಾಗಿ ಏರಿಸಬೇಕು, ಅವಸರ ಮಾಡಿದರೆ ಮೆದುಳಿಗೇ ಪೆಟ್ಟು ಎಂದು ದೊಡ್ಡ ಡಾಕ್ಟರು ಹೇಳಿದರಂತೆ. ಸುಮತಿ ಹೊರಗಿನ ಬೆಂಚಿನಲ್ಲಿ ಕೂತಳು. ಅತ್ತಿಗೆ ಸೌಟು ಹಿಡಿದು ನಿಂತಿದ್ದ ಹಾಗೆ ತಾನೂ ಒಂದು ದಿನ ನಿಲ್ಲಬೇಕಾಗುತ್ತದೆಯೇ ಎಂದು ಅವಳಿಗೆ ಅಲ್ಲಿ ಅನ್ನಿಸಿತ್ತು. ಅದನ್ನು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆದರಿಕೆ ಅವಳಲ್ಲಿಯೂ ಅಷ್ಟೇ ಗುಟ್ಟಾಗಿ ಇತ್ತು.

ನನಗೆ ಮೊದಲು ನೆನಪಿರುವುದು ಬಾಯಾರಿಕೆ. ಆಮೇಲೆ ಒಂದು ಮುಖ.

"ಇವರು ಯಾರು, ಗೊತ್ತುಂಟಾ?" ಎಂದು ನರ್ಸ್ ಕೇಳಿದಳು.

"ಸುಮತಿ," ಎಂದೆ. "ನೀರು ಕೊಡು."

"ನೀರು ಮಾತ್ರ ಕೇಳಬೇಡಿ," ಎಂದಳು ಸುಮತಿ. ಅವಳು ಅಳುತ್ತಿದ್ದಳು.

ಬಿಡುಗಡೆಯಾಗುವ ಮೊದಲು ದೊಡ್ಡ ಡಾಕ್ಟರೊಡನೆ ವಾದ ಮಾಡಿದೆ. ಸುಮತಿಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತಂತೆ.

"ಇದು ನನ್ನ ಅಣ್ಣನಿಗೆ ಬಂದ ಕಾಯಿಲೆಯಲ್ಲ ಎನ್ನಲು ಏನು ಆಧಾರ?"

"ಸೋಡಿಯಂ ಸರಿಯಾಯಿತು, ನೀವು ಸರಿಯಾದಿರಿ. ಇದೇ ಆಧಾರ."

"ಮುಂದೆ ಬರುವುದಿಲ್ಲವೇ?"

"ಮುಂದಿನದ್ದು ಹೇಳಲಿಕ್ಕೆ ನಾನು ಜ್ಯೋತಿಷಿ ಅಲ್ಲ ಸರ್. ಉಪ್ಪು ಅಳತೆಯಲ್ಲಿ ತಿನ್ನಿ, ಬಾಯಾರಿದಾಗ ನೀರು ಕುಡಿಯಿರಿ. ಮಾತ್ರೆ ಬದಲಿಸಿದ್ದೇನೆ, ಹೇಳಿದ ದಿನ ರಕ್ತ ತೋರಿಸಲಿಕ್ಕೆ ಬನ್ನಿ. ಮತ್ತೆ, ದಿನಾ ಯಾರ ಜೊತೆಯಾದರೂ ಮಾತಾಡಿ. ಅರಸರ ಜೊತೆ ಬೇಡ."

ಹೊಯ್ಸಳರ ವಿಷಯ ಅವರಿಗೆ ಯಾರು ಹೇಳಿದರೋ. ಸುಮತಿ ಕಿಟಕಿಯ ಕಡೆ ನೋಡುತ್ತಿದ್ದಳು. ಮುಖ ತೊಳೆಯುವಾಗ ನಾನು ಅಂದುಕೊಂಡಷ್ಟು ಮೆಲ್ಲಗೆ ಹೇಳುತ್ತಿರಲಿಲ್ಲವೆಂದು ಕಾಣುತ್ತದೆ.

ಅಣ್ಣನ ಕುರಿತು ಈಗಲೂ ಯೋಚಿಸುತ್ತೇನೆ. ಅವನಿಗೆ ಬಂದದ್ದು ನಿಜವಾಗಿ ಏನು? ಆಗ ನಾವು ಅರುಳುಮರುಳು ಎಂಬ ಒಂದೇ ಮಾತಿಗೆ ತೃಪ್ತರಾದೆವು.

ಅವನ ರಕ್ತವನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಅದು ಬೇರೆಯೇ ಕಾಯಿಲೆಯಾಗಿದ್ದಿರಬಹುದು, ಹೆಚ್ಚಾಗಿ ಹಾಗೆಯೇ ಇರಬೇಕು. ಆಧಾರವಿಲ್ಲದೆ ಏನನ್ನೂ ಹೇಳಲಾರೆ. ಆದರೆ ವಯಸ್ಸಾದವರು ಮಂಕಾದರೆ ವಯಸ್ಸಾಯಿತು ಎಂದು ಯಾರಾದರೂ ಹೇಳುವಾಗ ಈಗ ನನಗೆ ಸುಮ್ಮನಿರಲು ಆಗುವುದಿಲ್ಲ. ಏನು ಉಣ್ಣುತ್ತಾರೆ, ಯಾವ ಮಾತ್ರೆ ನುಂಗುತ್ತಾರೆ, ಮನೆಯಿಂದ ಹೊರಗೆ ಹೋಗುತ್ತಾರೆಯೇ ಎಂದು ಕೇಳುತ್ತೇನೆ. ಕೆಲವರಿಗೆ ಇದು ಅಧಿಕಪ್ರಸಂಗವಾಗಿ ಕಾಣುತ್ತದೆ.

ಮನೆಗೆ ಬಂದ ಮೇಲೆ ಮೊದಲ ಊಟ ಗಂಜಿ, ಒಂದು ಚಿಟಿಕೆ ಉಪ್ಪು, ಹುರುಳಿ ಚಟ್ನಿ. ಆ ರುಚಿಯನ್ನು ವರ್ಣಿಸಲು ಹೋಗುವುದಿಲ್ಲ. ಬಟ್ಟಲು ಖಾಲಿ ಮಾಡಿ ಇನ್ನೊಂದು ಸೌಟು ಕೇಳಿದೆ. ಬಿ.ಪಿ. ಈಗಲೂ ಇದೆ. ಉಪ್ಪಿನಕಾಯಿ ಹಬ್ಬಕ್ಕೆ ಮಾತ್ರ.

ಈಗ ಸಂಜೆ ಹಮೀದರ ಜೊತೆ ಪಾಣೆಮಂಗಳೂರಿನ ಹಳೇ ಸೇತುವೆಯವರೆಗೆ ನಡೆಯುತ್ತೇನೆ. ಮೊದಲ ದಿನ ಅವರ ಅಂಗಡಿಯ ಮುಂದೆ ಹೋಗಿ ನಿಂತೆ. ಅವರೇ, "ನಾನು ಯಾರು ಮಾಸ್ಟ್ರೇ?" ಎಂದು ಕೇಳಿದರು. "ಪಾತ್ರೆಗೆ ಜಾಸ್ತಿ ರೇಟು ಹಾಕುವವರು," ಎಂದೆ. "ಗುಣ ಆಗಿದೆ," ಎಂದು ಒಳಗಿದ್ದವರಿಗೆ ಕೂಗಿ ಹೇಳಿದರು.

ಮೊನ್ನೆ ಸೇತುವೆಯ ಮೇಲೆ ನಡೆಯುವಾಗ ಎದುರಿನಿಂದ ಒಬ್ಬರು ಬಂದರು. ನಗುತ್ತ ನಿಂತು ನನ್ನ ಆರೋಗ್ಯ ವಿಚಾರಿಸಿ, ಹಮೀದರ ಹೆಗಲು ತಟ್ಟಿ ಮುಂದೆ ಹೋದರು. ಮುಖ ಚೆನ್ನಾಗಿ ಗೊತ್ತು. ಹೆಸರು ಬರಲಿಲ್ಲ. ಹಳೆಯ ಹೆದರಿಕೆ ಮತ್ತೆ ಎದ್ದಿತು.

"ಯಾರು ಹಮೀದರೇ ಅವರು?"

"ನೀವು ಹೇಳ್ತೀರಿ ಅಂತ ನಾನು ಕಾಯ್ತಾ ಇದ್ದೆ," ಎಂದರು ಹಮೀದರು.

ಇಬ್ಬರೂ ನಿಂತು ತಿರುಗಿ ನೋಡಿದೆವು. ಮನುಷ್ಯ ದೂರ ಹೋಗಿಯಾಗಿತ್ತು.

"ಕರೆದು ಕೇಳುವನಾ?"

"ಬೇಡ ಮಾರಾಯ್ರೇ, ಮರ್ಯಾದೆ ಹೋಗ್ತದೆ. ನಡೆಯಿರಿ, ಚಾ ಕುಡಿಯುವ."

ಚಾ ಕುಡಿದೆವು. ಚುನಾವಣೆಯ ಕುರಿತು ಜಗಳವಾಡಿದೆವು. ಮನೆಗೆ ಬಂದು ಉಂಡು ಮಲಗಿದೆ, ನಿದ್ರೆ ಬಂತು. ಆ ಹೆಸರು ಈವರೆಗೂ ನೆನಪಾಗಿಲ್ಲ. ಹಮೀದರಿಗೂ ನೆನಪಾಗಿಲ್ಲ.